ಇವತ್ತೇನು ಕಲಿಸಿದ್ರಿ

ಎಂಟೂವರೆಗೆ ದಿವಾನ ಗೋಡೆಗೆ ಸರಿಯುತ್ತದೆ,
ಟೀವಿಗೆ ಹಳೇ ಸೀರೆಯ ಮುಸುಕು,
ಮಾವನ ಮಾತ್ರೆ ಡಬ್ಬಿ ಫ್ರಿಜ್ಜಿನ ತಲೆ ಮೇಲಕ್ಕೆ.
ಅಷ್ಟಾದರೆ ನಮ್ಮ ಮನೆ ನಮ್ಮದಲ್ಲ.
ಮೊದಲು ಒಳಗೆ ಬರುವುದು ಒಂದೇ ಒಂದು ಚಪ್ಪಲಿ,
ಎಡಗಾಲಿನದು.
ಬಲಗಾಲಿನದನ್ನು ತನ್ವೀರ
ನಿನ್ನೆ ದಾರಿಯಲ್ಲಿ ಮೇಕೆಗೆ ಕೊಟ್ಟುಬಿಟ್ಟನಂತೆ.

ಆಮೇಲೆ ಒಬ್ಬೊಬ್ಬರೇ, ಒಟ್ಟು ಒಂಬತ್ತು.
ಅಮ್ಮಂದಿರು ಹೊಸಿಲು ದಾಟುವುದಿಲ್ಲ,
ಬಾಯ್ಲರು ಆಗಲೇ ಕಾದುಬಿಟ್ಟಿರುತ್ತದೆ.
ಅವರ ಸೆರಗಿನ ಬೆಂದ ಗೂಡಿನ ವಾಸನೆ
ಒಂದು ನಿಮಿಷ ಬಾಗಿಲಲ್ಲಿ ನಿಂತು
ಅವರ ಹಿಂದೆಯೇ ಓಡುತ್ತದೆ.
ಶಿಡ್ಲಘಟ್ಟದಲ್ಲಿ ಆ ವಾಸನೆಗೆ ಮೂಗು ಮುಚ್ಚುವವರು
ನೆಂಟರೇ ಇರಬೇಕು.

ಅಟ್ಟದಿಂದ ಇಳಿಸಿದ ಚಂದ್ರಿಕೆ ಒಂದಿದೆ,
ಹುಳ ಸಾಕುವುದು ಬಿಟ್ಟ ವರ್ಷ ಮಾರದೆ ಉಳಿದದ್ದು.
ಬಿದಿರಿನ ದಾರಿ, ಸುತ್ತಿ ಸುತ್ತಿ ನಡುವಿಗೆ ಬರುತ್ತದೆ.
ಸೋಮವಾರ ಅದು ಕೋಟೆ.
ಮಂಗಳವಾರ ಹಾವು ಮಲಗುವ ಹಾಸಿಗೆ, ಯಾರೂ ಕೆಮ್ಮಬಾರದು.
ಬುಧವಾರ ಪುನರ್ವಿ ಗೋಲಿ ಹತ್ತಿಸಿ
ಚಿಂತಾಮಣಿ ಚಿಂತಾಮಣಿ ಚಿಂತಾಮಣೀ ಎಂದು ಕೂಗಿದಳು.
ಗೋಲಿ ಅರ್ಧ ದಾರಿಯಲ್ಲೇ ಇಳಿದುಬಿಟ್ಟಿತು.
ಯಾಕೆ ಇಳಿಯಿತೆಂದು ಅರ್ಧ ಗಂಟೆ ಚರ್ಚೆ.
ಚಿಲ್ಲರೆ ಇರಲಿಲ್ಲವಂತೆ.

ಸಂಜೆ ಗೇಟಿನಲ್ಲಿ ಕೇಳುತ್ತಾರೆ: ಇವತ್ತೇನು ಕಲಿಸಿದ್ರಿ ಮೇಡಂ?
ಎದುರು ಬೀದಿಯ ಕಾನ್ವೆಂಟಿನಲ್ಲಿ ಎಬಿಸಿಡಿ ಮುಗಿದು
ಎರಡರ ಮಗ್ಗಿ ಶುರುವಾಗಿದೆ.
ನಮ್ಮಲ್ಲಿ ಮುಗಿದದ್ದು ಒಂದು ಬಕೀಟು ಮಣ್ಣು.
ಮುನಿರತ್ನಮ್ಮ ನೇರ ಮನುಷ್ಯಳು:
"ದುಡ್ಡು ಕೊಟ್ಟು ಆಡಿಸ್ಬೇಕಾ? ಬೀದೀಲಿ ಬಿಟ್ಟಿ ಆಡಲ್ವಾ?"
ಬಾಯಿ ತೆರೆದೆ. ತರಬೇತಿಯಲ್ಲಿ ಬರೆದುಕೊಂಡ
ಇನ್ನೂರು ಪುಟದ ನೋಟ್ಸಿನ ಒಂದು ಸಾಲೂ ಬಾಯಿಗೆ ಬರಲಿಲ್ಲ.
ಒಳಗಿಂದ ಅತ್ತೆ ಬಚ್ಚಮ್ಮ, ಅವರೆಕಾಯಿ ಬಿಡಿಸುತ್ತಾ:
"ಬೀದೀಲಿ ಈಗ ಲಾರಿಗಳು ಆಡ್ತವೆ ಕಣಮ್ಮ."

ಅಫ್ಶಾ ಬಂದು ಮೂರು ತಿಂಗಳು. ಮಾತಿಲ್ಲ.
ಕಿಟಕಿ ಕಂಬಿ ಎಣಿಸುತ್ತಾಳೋ, ಸುಮ್ಮನೆ ಹಿಡಿದಿರುತ್ತಾಳೋ.
ಗುರುವಾರ ಅಡುಗೆಮನೆಯಿಂದ ದೊಡ್ಡ ಬೋಗುಣಿ ತಾನೇ ಎಳೆತಂದು
ನೀರು ಹುಯ್ಯಿ ಎಂದು ಕಣ್ಣಲ್ಲೇ ಹೇಳಿದಳು. ಹುಯ್ದೆ.
ಒಂದು ಹಿಡಿ ಹಸಿ ಕಡಲೆಕಾಯಿ ಬಿಟ್ಟಳು.
ತೇಲಿದವು, ಥೇಟು ಗೂಡುಗಳೇ.
ಬೆರಳದ್ದಿ ತಡಕಿ, ಇಲ್ಲದ ಎಳೆಯ ತುದಿ ಹುಡುಕಿ,
ಮೇಲಕ್ಕೆಳೆದು ಮಾವನ ಊರುಗೋಲಿಗೆ ಸುತ್ತತೊಡಗಿದಳು.
ಫೂ, ಎಂದು ಬೆರಳು ಊದಿಕೊಂಡಳು.
ನೀರು ತಣ್ಣಗಿತ್ತು.
ಮತ್ತೆ ಅದ್ದಿದಳು. ಮತ್ತೆ ಊದಿದಳು.
ತನ್ವೀರ ನಗಲಿಲ್ಲ,
ಪಕ್ಕ ಕೂತು ಕೈ ತಿರುವುತ್ತಾ ಚರಕವಾದ.
ಕೋಲಿಲ್ಲದೆ ಬಚ್ಚಲಿಗೆ ಹೋಗಲಾರದ ಮಾವ
ಕೂಗದೆ ಕೂತೇ ಇದ್ದರು.

ಕೊನೆಗೆ ತಿರುಗಿ ನನ್ನ ಮುಂದೆ ಹತ್ತೂ ಬೆರಳು ಚಾಚಿ
"ಜಲ್ರಾ" ಎಂದಳು. ಉರಿಯುತ್ತಿದೆಯಂತೆ.
ಮೂರು ತಿಂಗಳ ಮೊದಲ ಮಾತು.
ಕೊಬ್ಬರಿ ಎಣ್ಣೆ ತಂದು ಹಚ್ಚಿದೆ,
ಉರಿಯದ ಬೆರಳಿಗೆ, ಒಂದೊಂದಕ್ಕೂ.

ಶಾಹಿನಾ ಬಂದಾಗ ಐದೂ ಮುಕ್ಕಾಲು.
ಅವಳೂ ಅದನ್ನೇ ಕೇಳಿದಳು, ಇವತ್ತೇನು ಕಲಿಸಿದ್ರಿ.
ನಾನು ಅವಳ ಬೆರಳ ತುದಿ ನೋಡುತ್ತಿದ್ದೆ,
ಬೆಂದು ಬಿಳುಪೇರಿದ್ದು, ಸುಕ್ಕು ಬಿಡದ್ದು.
ಯಾಕೋ ಅವತ್ತು ಓಡಲಿಲ್ಲ, ಹೊಸಿಲ ಮೇಲೇ ಕೂತಳು.
ಹೊಸಿಲ ಮೇಲೆ ಕೂರಬಾರದೆಂದು ನನ್ನನ್ನು
ಹದಿನಾಲ್ಕು ವರ್ಷದಿಂದ ಎಬ್ಬಿಸುವ ಅತ್ತೆ
ಅವರೆಕಾಯಿಯಿಂದ ತಲೆ ಎತ್ತಲಿಲ್ಲ.
ಎಣ್ಣೆ ಬಟ್ಟಲಿಗೆ ಕೈ ಚಾಚಿದೆ.
ಅಫ್ಶಾ ಅದನ್ನು ಆಗಲೇ ಎತ್ತಿಕೊಂಡಿದ್ದಳು.

ರಾತ್ರಿ ದಿವಾನ ಎಳೆದರೆ ಅಡಿಯಲ್ಲಿ
ಪುಟ್ಟದೊಂದು ಬಲಗಾಲಿನ ಚಪ್ಪಲಿ.
ಮೇಕೆ ವಾಪಸು ಕೊಟ್ಟಿದೆ.